ಕೊಳವೆಯ ಟೋಪಿ

ಇಲ್ಲ ಅತ್ತಿಗೆ, ಸೋರುತ್ತೆ. ನೀವು ಹೀಗೆ ತಲೆ ಆಡಿಸಿಬಿಟ್ರೆ ಸೋರೋದು ನಿಂತುಹೋಗುತ್ತಾ? ಒಳಗೆ ಕೂತು ನೋಡಿದ್ರೆ ಕಾಣಲ್ಲ ಅದು, ಮೇಲೆ ಹತ್ತಿ ನೋಡ್ಬೇಕು... ಏಣಿ ಒಂಚೂರು ಹಿಡ್ಕೊಳ್ಳಿ. ಒಂದು ಕೈ ಸಾಕು. ಇನ್ನೊಂದು ಕೈಲಿ ಟವೆಲ್ ಸುತ್ತಿ ಏನೋ ಇಟ್ಕೊಂಡಿದ್ದೀರಲ್ಲ, ಅದನ್ನ ಕೆಳಗಿಡೋದೇನೂ ಬೇಡ. ಹಾಂ... ಹತ್ತಿದೆ. ಆಯ್ತು, ಬಿಡಿ. ಹೋಗಿ ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ.

ಯಾಕೆ ನಗ್ತಿದ್ದೀರಿ? ಐವತ್ತು ದಾಟಿದ ಮೈದುನ ಬಸ್ಸಿನ ತಲೆ ಮೇಲೆ ಅಂಬೆಗಾಲಿಡ್ತಿದ್ದಾನೆ ಅಂತಾನಾ? ನಗಿ, ಪರವಾಗಿಲ್ಲ. ನಿಮ್ಮ ನಗು ನೋಡಿ ಒಂದೂವರೆ ವರ್ಷ ಆಯ್ತು... ಓ. ನಗು ಅಲ್ವಾ ಅದು. ಬಿಸಿಲಿಗೆ ಮುಖ ಕಿವುಚಿದ್ದು. ಸರಿ, ಬಿಡಿ.

ಗೊತ್ತು, ನೀವು ಕರೀಲಿಲ್ಲ, ನಾನೇ ಬಂದೆ. ಒಡಹುಟ್ಟಿದ ಅಣ್ಣನ ಮನೆಗೆ ನನಗೆ ಕರೆಯೋಲೆ ಬೇಕಾ? ಸೋಮವಾರ ಚೂಟಿ ಈ ಗಾಡಿ ತಗೊಂಡು ಹೊರಡ್ತಾಳೆ ಅಂತ ತರಕಾರಿ ಅಂಗಡಿಯವನು ಹೇಳ್ದ. ನನ್ನಣ್ಣನ ಮಗಳು, ನಾನು ಹೆಗಲ ಮೇಲೆ ಕೂರಿಸ್ಕೊಂಡು ಬೀದಿಯೆಲ್ಲಾ ಸುತ್ತಿಸಿದ ಕೂಸು. ಅಪ್ಪನ ಹಾಗೇ ಊರೂರು ತಿರುಗಿ ಹೊಲಿಗೆ ಮಿಷನ್ ರಿಪೇರಿ ಮಾಡ್ತಾಳಂತೆ, ರಾತ್ರಿ ಈ ಗಾಡಿಯಲ್ಲೇ ಮಲಗ್ತಾಳಂತೆ. ಅದನ್ನ ನಾನು ಬದನೆಕಾಯಿ ಆರಿಸ್ತಾ ಕೇಳಿಸ್ಕೊಳ್ಬೇಕಾಯ್ತು. ಬೇಜಾರಿಲ್ಲ. ಬೇಜಾರಿದ್ರೆ ಗಮ್ಮಿನ ಟ್ಯೂಬು, ಅದನ್ನ ಒತ್ತೋ ಗನ್ನು, ಏಣಿ ಎಲ್ಲಾ ಹೊತ್ಕೊಂಡು ಬರ್ತಿದ್ನಾ?

ಗೇಟ್ ಹತ್ರ ಸಿಕ್ಕಿದ್ಲು ಈಗ. "ಏನೇ ಚೂಟಿ" ಅಂದೆ. ನನ್ನ ಮುಖ ಒಂದ್ಸಲ ನೋಡಿದ್ಲು, ನನ್ನ ಕೈ ನೋಡಿದ್ಲು, ಸೀದಾ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಏನಾಗಿದೆ ಅದಕ್ಕೆ? ಹೊರಡೋ ಗಡಿಬಿಡಿ ಇರ್ಬೇಕು.

ಆ ಕೆರೆಯೋ ಪಟ್ಟಿ ಕೊಡಿ. ಅಗಲದ್ದಲ್ಲ, ಕಿರಿದು. ಹಾಂ, ಅದೇ.

ನೀರಿನ ಬುದ್ಧಿ ನಿಮಗೆ ಗೊತ್ತಿಲ್ಲ ಅತ್ತಿಗೆ. ಅದು ಒಳಗೆ ಬರೋದು ಒಂದು ಕಡೆ, ತೊಟ್ಟಿಕ್ಕೋದು ಇನ್ನೊಂದು ಕಡೆ. ಇಲ್ಲಿ ಈ ಫ್ಯಾನಿನ ಕಿಂಡಿ ಮೂಲೇಲಿ ಒಂದು ಸ್ಕ್ರೂ ಸಡಿಲ ಆದ್ರೆ ಸಾಕು, ಅಲ್ಲಿ ನುಗ್ಗಿ, ತಗಡಿನ ಅಡೀಲಿ ಸದ್ದಿಲ್ಲದೆ ನಡ್ಕೊಂಡು ಹೋಗಿ, ಆರಡಿ ಆಚೆ ಹಾಸಿಗೆ ಮೇಲೆ ಬೀಳುತ್ತೆ. ಜನ ಹಾಸಿಗೆ ನೆನೆದಿದೆ ಅಂತ ಹಾಸಿಗೆ ಮೇಲೇ ನೋಡ್ತಾ ನಿಂತಿರ್ತಾರೆ. ಎಲ್ಲಿಂದ ಬಂತು ಅಂತ ಯಾರೂ ಹುಡುಕಲ್ಲ. ಹುಡುಕೋನು ನಾನೊಬ್ಬನೇ, ಅದಕ್ಕೇ ನನಗೆ ಕೆಲಸ ಸಿಗೋದು.

ಇದು ನೋಡಿ, ಹಳೇ ಗಮ್ಮು ಹೆಂಗೆ ಬಿರುಕು ಬಿಟ್ಟಿದೆ. ಇದರ ಮೇಲೇ ಹೊಸದು ಬಳೀತಾರೆ ಕೆಲವರು. ಹಿಡಿಯಲ್ಲ. ಎರಡು ಮಳೆಗೆ ಎದ್ದು ಬರುತ್ತೆ. ಹಳೇದನ್ನ ಪೂರ್ತಿ ಕೆರೆದು, ಬರೀ ತಗಡು ಕಾಣೋವರೆಗೂ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಹಾಕ್ಬೇಕು. ಸೋಮಾರಿತನ ಮಾಡಿದ್ರೆ ಮುಗೀತು. ನನಗೆ ಊರಲ್ಲಿ "ಅಂಟಪ್ಪ" ಅಂತ ಹೆಸರು ಬಿದ್ದಿದ್ದು ಸುಮ್ನೆ ಅಲ್ಲ. ಈಗಂತೂ ನನ್ನ ನಿಜವಾದ ಹೆಸರು ನನ್ನ ಹೆಂಡತಿಗೂ ಮರೆತುಹೋಗಿದೆ.

ಆಮೇಲೆ ಈ ಹೆಬ್ಬೆರಳು. ನಿಮಗೆ ನೆನಪಿರುತ್ತೆ. ಹದಿನಾರು ನನಗೆ ಆಗ, ಗ್ರೈಂಡರಿಗೆ ಸಿಕ್ಕಿ ನಡೂಗೆ ಸೀಳಿತ್ತಲ್ಲ. ನೀವು ಮದುವೆಯಾಗಿ ಬಂದು ಒಂದು ತಿಂಗಳೂ ಆಗಿರಲಿಲ್ಲ. ಎಲ್ಲರೂ ಹೌಹಾರಿ ನಿಂತಿದ್ರೆ ನೀವು ಬಟ್ಟೆ ಹರಿದು ಕಟ್ಟಿದ್ರಿ, ಕಟ್ತಾ ಕಟ್ತಾ ಒಂದು ಗಂಟೆ ಬೈದ್ರಿ. ಆ ಸೀಳು ಕೊನೇವರೆಗೂ ಕೂಡ್ಲಿಲ್ಲ. ಅದಕ್ಕೇ ಸೋಪಿನ ನೀರಲ್ಲಿ ಈ ಬೆರಳು ಅದ್ದಿ ನಾನು ಗಮ್ಮು ಸವರಿದ ಕಡೆಯೆಲ್ಲಾ ನಡುವೆ ಒಂದು ಸಣ್ಣ ಏಣು ಉಳಿಯುತ್ತೆ. ದಾರ ಎಳೆದ ಹಾಗೆ. ಊರಲ್ಲಿ ಯಾವ ಗಾಡಿ ತಲೆ ಮೇಲೆ ಹತ್ತಿದ್ರೂ ಹೇಳಿಬಿಡ್ತೀನಿ, ಇದು ನನ್ನದು, ಇದು ನನ್ನದಲ್ಲ ಅಂತ. ಅಣ್ಣ ತಮಾಷೆ ಮಾಡ್ತಿದ್ದ, "ನೀನು ಕಳ್ಳತನಕ್ಕೆ ಮಾತ್ರ ಇಳೀಬೇಡ ಮಾರಾಯ, ಸಹಿ ಹಾಕಿ ಬರ್ತೀಯಾ" ಅಂತ.

...

ಬಿಸಿಲು ಜಾಸ್ತಿ ಆಯ್ತು ಅಲ್ವಾ? ಒಳಗೆ ಹೋಗಿ ಅತ್ತಿಗೆ. ನೀವು ಇಲ್ಲಿ ಕೂತು ಕಾಯೋ ಅಗತ್ಯ ಇಲ್ಲ. ಸಾಮಾನೆಲ್ಲಾ ಮೇಲೇ ಇಟ್ಕೊಂಡಿದ್ದೀನಿ. ಹೋಗಿ ಒಂದು ಲೋಟ ಟೀ ಮಾಡಿದ್ರೆ, ಅದು ಕುದಿಯೋದರೊಳಗೆ ನನ್ನ ಕೆಲಸ ಮುಗಿದಿರುತ್ತೆ. ಬೇಡ್ವಾ? ನಿಮ್ಮಿಷ್ಟ. ಹಾಗಾದ್ರೆ ಸ್ಟೂಲಾದ್ರೂ ನೆರಳಿಗೆ ಎಳ್ಕೊಳ್ಳಿ. ಅಣ್ಣನ ಸ್ವೆಟರ್ ಬೇರೆ ಹಾಕ್ಕೊಂಡಿದ್ದೀರಿ ಈ ಬಿಸಿಲಲ್ಲಿ.

ಅದೇನು ಮಡಿಲಲ್ಲಿ, ಬಟಾಣಿ ಬಿಡಿಸ್ತಿದ್ದೀರಾ? ಅಲ್ವಾ? ಕೈ ಮುಚ್ಕೊಂಡೇ ಇದ್ದೀರಲ್ಲ, ಹಾರಿಹೋಗುತ್ತಾ ಅದೇನು?

ಬಿಡಿ, ಕೇಳಲ್ಲ.

ಅಂದಹಾಗೆ ಆ ಹೀಟರ್... ಒಳಗಿದೆಯಲ್ಲ, ಗ್ಯಾಸ್ ಹೀಟರ್, ಹಾಸಿಗೆ ಪಕ್ಕದ್ದು. ಚೂಟಿ ಅದನ್ನ ಹಚ್ಚಿ ನೋಡಿದ್ಲಾ? ಇಲ್ಲ, ಸುಮ್ನೆ ಕೇಳ್ದೆ. ಹೋಗೋ ಕಡೆಯೆಲ್ಲಾ ಚಳಿ ಊರುಗಳು, ಬೇಕಾಗುತ್ತೆ ಅಂತ ಟ್ರಯಲ್ ನೋಡಿರ್ತಾಳೇನೋ ಅಂತ. ಇಲ್ಲ ತಾನೆ? ನೋಡಿ, ನೀವು ಹೌದು ಅಂತಾನಾದ್ರೂ ಅನ್ನಿ, ಇಲ್ಲ ಅಂತಾನಾದ್ರೂ ಅನ್ನಿ. ಹಚ್ಚಿಲ್ಲ. ಸರಿ. ಒಳ್ಳೇದಾಯ್ತು. ನಾನು ಹೇಳೋವರೆಗೂ ಹಚ್ಚಬೇಡ ಅಂತ ಹೇಳಿ ಅವಳಿಗೆ. ಹಳೇ ಮಾಲು, ಯಾಕೆ ಸುಮ್ನೆ. ಇವತ್ತು ಸಂಜೆ ಮೇಲೆ ಬೇಕಾದ್ರೆ ಹಚ್ಕೊಳ್ಳಲಿ.

ಇವತ್ತು ಸಂಜೆ ಮೇಲೇ ಯಾಕೆ ಅಂದ್ರೆ... ಗಮ್ಮು ಒಣಗ್ಬೇಕಲ್ಲ. ಅದಕ್ಕೆ.

ಈ ಗಾಡೀನೇ ಗುಜರಿಗೆ ಹಾಕಿ ಅಂತ ಎಷ್ಟು ಸಲ ಬಡ್ಕೊಂಡೆ ನಿಮಗೆ. ಗುಜರಿಯವನನ್ನ ಗೇಟಿನವರೆಗೂ ಕರ್ಕೊಂಡು ಬಂದಿದ್ದೆ ಒಂದ್ಸಲ. ನೀವು ಈ ಗಾಡಿ ಬಾಗಿಲಿಗೆ ಅಡ್ಡ ನಿಂತ್ಬಿಟ್ರಿ. ಒಂದು ಮಾತಿಲ್ಲ, ಕಥೆಯಿಲ್ಲ, ಸುಮ್ನೆ ನಿಂತಿದ್ರಿ. ಅವನು ನನ್ನ ಮುಖ ನೋಡ್ದ, ನಿಮ್ಮ ಮುಖ ನೋಡ್ದ, ಹೊರಟುಹೋದ. ಮೊದಲಿನ ಅತ್ತಿಗೆ ಆಗಿದ್ರೆ ಅವನ ಏಳು ತಲೆಮಾರು ಜಾಲಾಡಿ ಕಳಿಸ್ತಿದ್ರು. ನಿಮ್ಮ ಬಾಯಿ ಅಂದ್ರೆ ಬೀದಿಗೇ ಭಯ ಇತ್ತಲ್ಲ. ಹಾಲಿನವನು ಎಲ್ಲರ ಮನೆ ಹಾಲಿಗೂ ನೀರು ಬೆರೆಸ್ತಿದ್ದ, ಈ ಮನೆದಕ್ಕೆ ಮಾತ್ರ ಬೆರೆಸ್ತಿರಲಿಲ್ಲ. ಈಗ ಅದೇ ಹಾಲಿನವನು ನನ್ನ ಕೇಳ್ತಾನೆ, "ಅಮ್ಮಾವ್ರಿಗೆ ಮೈ ಹುಷಾರಿಲ್ವಾ ಸಾರ್, ಹಾಲು ತೆಳ್ಳಗಿದ್ರೂ ಏನೂ ಅನ್ನಲ್ವಲ್ಲ" ಅಂತ. ಅವನಿಗೇ ಬೇಜಾರು.

ಈ ಕಿಂಡಿ ಆಯ್ತು. ಮುಂದಿನದು... ಬೆಳಕಿನ ಗಾಜು. ಇದು ಭದ್ರವಾಗಿದೆ. ಈ ತಂತಿ ಒಳಗೆ ಹೋಗೋ ತೂತು, ಇದೂ ಭದ್ರ. ರೇಡಿಯೋ ಕಂಬಿ, ಭದ್ರ. ಸಿಂಕಿನ ಗಾಳಿ ಕೊಳವೆ...

ಆಯ್ತು ಆಯ್ತು, ಒಪ್ಕೋತೀನಿ, ಹಾಗೆ ನೋಡಬೇಡಿ. ಎಲ್ಲಾ ಭದ್ರವಾಗೇ ಇದೆ. ಆದ್ರೂ ಒಂದ್ಸಲ ನೋಡೋದು ಒಳ್ಳೇದು. ಹುಡುಗಿ ಒಬ್ಬಳೇ ಹೋಗ್ತಾಳೆ.

ಈ ತೂತುಗಳನ್ನೆಲ್ಲಾ ಕೊರೆದವರು ನಾವೇ ಅಲ್ವಾ. ಹಳೇ ಸ್ಕೂಲ್ ಬಸ್ಸು ತಂದು ಇದೇ ಅಂಗಳದಲ್ಲಿ ನಿಲ್ಲಿಸಿ, ಸೀಟೆಲ್ಲಾ ಕಿತ್ತು, ಆರು ತಿಂಗಳು ನಾನು ಅಣ್ಣ ಇಬ್ಬರೂ ಒದ್ದಾಡಿದ್ದು. ನೀವು ದಿನಾ ಬಂದು ನಿಂತು, "ಚೆನ್ನಾಗಿರೋ ತಗಡಿಗೆ ಯಾಕ್ರೋ ತೂತು ಕೊರೀತೀರಾ, ಆಮೇಲೆ ಮುಚ್ಚೋಕೆ ಸಾಯ್ತೀರಾ" ಅಂತಿದ್ರಿ. ಅಣ್ಣ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕ್ತಿದ್ದ, ನಾನು ಕೊರೀತಿದ್ದೆ. ಐದು ತೂತು. ಫ್ಯಾನಿಂದು, ಗಾಜಿಂದು, ತಂತೀದು, ಕಂಬೀದು, ಸಿಂಕಿಂದು. ಐದು.

ಏನದು? ಎಡಗೈಲಿ ಐದು ಬೆರಳು, ಸರಿ. ಬಲಗೈಲಿ ಒಂದು ಬೆರಳು ಯಾಕೆ? ಒಂದು ನಿಮಿಷ ಅಂತಾನಾ? ಯಾರಾದ್ರೂ ಬಂದ್ರಾ ಗೇಟಿಗೆ?

ಓ. ಆರು. ಹೌದೌದು, ಆರು. ಹೊಗೆ ಕೊಳವೆ. ಆ ಹೀಟರಿಂದು. ಅದು ಹಿಂದುಗಡೆ ಮೂಲೇಲಿದೆ, ಮರೆತೇಹೋಗಿತ್ತು ನೋಡಿ. ನಿಮ್ಮ ನೆನಪಿನ ಶಕ್ತಿ ಮೆಚ್ಬೇಕು... ಅದನ್ನೂ ನೋಡ್ತೀನಿ. ಅದೂ ಒಂದ್ಸಲ ನೋಡ್ಬಿಡ್ತೀನಿ, ಕೊನೇಲಿ.

ಅತ್ತಿಗೆ, ಬಕೆಟ್ಟಲ್ಲಿ ನೀರು ಖಾಲಿ. ಹಿತ್ತಲಿಂದ ಒಂದು ಬಕೆಟ್ ಹಿಡ್ಕೊಂಡು ಬರ್ತೀರಾ? ತುಂಬಾ ಬೇಡ, ಅರ್ಧ. ನಿಧಾನಕ್ಕೆ ಬನ್ನಿ, ಅರ್ಜೆಂಟಿಲ್ಲ... ಎದುರುಗಡೆ ನಲ್ಲಿ ಇದೆ ಅಂತೀರಾ. ಇದೆ, ಕಾಣಿಸ್ತಿದೆ. ಇರ್ಲಿ ಬಿಡಿ ಹಾಗಾದ್ರೆ, ನೀರು ಬೇಕಾಗಿಲ್ಲ.

ಆ ಕೊಳವೆ ಟೋಪಿ ವಿಷಯಕ್ಕೆ ಅಣ್ಣ ಎಷ್ಟು ಗೋಳು ಹುಯ್ಕೋತಿದ್ದ ಗೊತ್ತಾ ನನ್ನ. ಕೊಳವೆ ಮೇಲೆ ಒಂದು ಟೋಪಿ ಇರುತ್ತಲ್ಲ, ಅಣಬೆ ಥರ, ಅಂಚಿನ ಕೆಳಗೆ ಸುತ್ತಲೂ ಸಣ್ಣ ಸಣ್ಣ ಕಂಡಿ. ಆ ಟೋಪಿ ಮಾಡಿಕೊಡೋಕೆ ನಾನು ಒಂದು ವಾರ ಸತಾಯಿಸಿದ್ದೆ. ದಿನಾ ಬಂದು ಕೇಳೋನು, "ಏನೋ, ನಂಗೇ ಟೋಪಿ ಹಾಕ್ತೀಯೋ, ಕೊಳವೆಗೆ ಹಾಕ್ತೀಯೋ?" ಅಂತ. ವರ್ಕ್‌ಶಾಪಿನವರೆಲ್ಲಾ ನಗೋರು. ಆಮೇಲೆ ಅದೇ ಒಂದು ಮಾತಾಗಿಬಿಡ್ತು ನಮ್ಮಿಬ್ಬರ ಮಧ್ಯೆ. ಫೋನ್ ಮಾಡಿದ್ರೆ "ಯಾರಿಗೆ ಟೋಪಿ ಹಾಕ್ತಿದ್ದೀಯೋ ಇವತ್ತು" ಅಂತಾನೇ ಶುರು ಮಾಡೋನು...

ಏನಿಲ್ಲ. ಕಣ್ಣಿಗೆ ಧೂಳು ಬಿತ್ತು. ಮೇಲೆ ಎಲ್ಲಾ ಧೂಳು.

ಅತ್ತಿಗೆ, ಒಂದು ಮಾತು. ನೀವು ಇನ್ನೂ ಅದೇ ಯೋಚನೆ ಮಾಡ್ತೀರಂತೆ, ನನ್ನ ಹೆಂಡತಿ ಹೇಳಿದ್ಲು. ಆ ರಾತ್ರಿ ನೀವು ಅಣ್ಣಂಗೆ "ಹೋಗಿ ನಿಮ್ಮ ಗಾಡೀಲೇ ಬಿದ್ಕೊಳ್ಳಿ" ಅಂದಿದ್ದು. ಅದು ಜಗಳಾನಾ? ಸಾರಿಗೆ ಉಪ್ಪು ಜಾಸ್ತಿ ಅಂದಿದ್ದಕ್ಕೆ ನೀವು ಏನೋ ಅಂದ್ರಿ, ಅವನು ದಿಂಬು ಎತ್ಕೊಂಡು ಬಂದು ಗಾಡೀಲಿ ಮಲಗ್ದ. ಗಂಡ ಹೆಂಡತಿ ಮಧ್ಯೆ ವಾರಕ್ಕೊಂದ್ಸಲ ಆಗುತ್ತೆ ಅದು. ನಿಮ್ಮ ಮಾತಿಗೆ ಅವನ ಎದೆ ಒಡೀತು ಅಂತ ನೀವು ಅಂದ್ಕೊಂಡಿದ್ರೆ... ಹಾಗಿದ್ರೆ ಮದುವೆಯಾದ ವಾರಕ್ಕೇ ಒಡೀಬೇಕಿತ್ತು. ಅವನಿಗೆ ನಿಮ್ಮ ಬೈಗುಳ ಕೇಳದಿದ್ರೆ ಊಟ ಸೇರ್ತಿರಲಿಲ್ಲ. ಡಾಕ್ಟ್ರು ಏನಂದ್ರು? ನಿದ್ದೇಲಿ ಎದೆ ನಿಂತುಹೋಯ್ತು ಅಂದ್ರು. ಯಾರ ಮಾತಿಂದಾನೂ ಅಲ್ಲ ಅಂದ್ರೆ ಅಲ್ಲ. ನನಗೆ ಗೊತ್ತು.

ಹೆಂಗೆ ಗೊತ್ತು ಅಂದ್ರೆ... ಗೊತ್ತು. ತಮ್ಮ ನಾನು. ನನಗೆ ಗೊತ್ತಿರಲ್ವಾ?

ಯಾಕೆ ಎದ್ದು ನಿಂತ್ರಿ? ಟೀ ಮಾಡೋಕಾ? ಹೋಗಿ, ಹೋಗಿ. ಸಕ್ಕರೆ ಕಮ್ಮಿ... ಇಲ್ಲ? ಹಿಂದುಗಡೆಗೆ ಬರ್ತಿದ್ದೀರಾ? ಇಲ್ಲಿ ನೋಡೋಕೆ ಏನೂ ಇಲ್ಲ ಅತ್ತಿಗೆ. ಬರೀ ಕೊಳವೆ. ಐದು ನಿಮಿಷದ ಕೆಲಸ. ಸ್ವಲ್ಪ ಅದೂ ಇದೂ ಕೆರೆಯೋದಿದೆ, ಧೂಳು ಕೆಳಗೆ ಉದುರುತ್ತೆ, ನಿಮ್ಮ ಕಣ್ಣಿಗೆ ಬೀಳುತ್ತೆ. ದೂರ ನಿಂತ್ಕೊಳ್ಳಿ.

ಬಂದೆ. ಇದೋ ಇಲ್ಲೇ ಇದೆ, ಈ ಸಾಮಾನಿನ ಪೆಟ್ಟಿಗೆ ಹಿಂದೆ...

...

ಟೋಪಿ ಇಲ್ಲ.

ಅಲ್ಲ, ಕೊಳವೆ ಇದೆ. ಮೇಲಿನ ಟೋಪಿ ಇಲ್ಲ. ಗಾಳಿಗೆ ಹಾರಿಹೋಯ್ತೇನೋ. ಹೋದ ತಿಂಗಳು ಜೋರು ಗಾಳಿ ಬೀಸ್ತಲ್ಲ, ನಮ್ಮ ವರ್ಕ್‌ಶಾಪಿನ ಶೀಟೇ ಎದ್ದುಹೋಗಿತ್ತು. ಹಾರಿರುತ್ತೆ. ಹಾರಿದ್ರೆ ಒಳ್ಳೇದೇ ಆಯ್ತು, ಹೊಸದು ಹಾಕಿಬಿಡ್ತೀನಿ, ನನ್ನ ಹತ್ರ ಇದೆ ಒಂದು, ಚೀಲದಲ್ಲಿ ತಂದಿದ್ದೀನಿ. ನೋಡಿ, ಮೊದಲೇ ಅನ್ನಿಸಿತ್ತು ನನಗೆ ಬೇಕಾಗುತ್ತೆ ಅಂತ...

ಸ್ಕ್ರೂ ನಾಲ್ಕೂ ಬಿಚ್ಚಿದ್ದಾರೆ. ಇದು ಗಾಳಿಯಲ್ಲ.

ಕೊಳವೆ ಬಾಯಿ ಒರೆಸಿ, ಪ್ಲಾಸ್ಟಿಕ್ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಇಷ್ಟು ನೀಟಾಗಿ... ಚೂಟಿ ಕೆಲಸ. ಚೂಟಿ ಹತ್ತಿದ್ಲಾ ಮೇಲೆ? ಯಾವಾಗ?

ಅತ್ತಿಗೆ.

ಆ ಟವೆಲ್ ತೆಗೀಬೇಡಿ.

ನೋಡ್ದೆ. ಕಾಣಿಸ್ತು. ಇಲ್ಲಿಂದಾನೇ ಕಾಣಿಸ್ತಿದೆ, ಎತ್ತಿ ತೋರಿಸೋದು ಬೇಡ.

ಅದು... ಅದು ಯಾರೋ ಮುಚ್ಚಿರ್ಬೇಕು. ಅಣ್ಣ ಊರೂರು ಸುತ್ತೋನು, ದಾರೀಲಿ ಯಾವನೋ ಮೆಕ್ಯಾನಿಕ್ಕು, ಕೆಲಸ ಬಾರದೋನು, ಸೋರುತ್ತೆ ಅಂತ ಆ ಕಂಡಿಗಳಿಗೆಲ್ಲಾ ಗಮ್ಮು ತುಂಬಿ... ಇಂಥೋರು ಬೇಕಾದಷ್ಟು ಜನ ಇದ್ದಾರೆ ಅತ್ತಿಗೆ. ಹೊಗೆ ಹೋಗೋ ದಾರಿ ಅಂತ ಗೊತ್ತಾಗಲ್ಲ ಅವರಿಗೆ. ತೂತು ಕಂಡ್ರೆ ಮುಚ್ಚೋದೊಂದೇ ಗೊತ್ತು.

ಯಾಕೆ ಅದರ ಮೇಲೆ ಬೆರಳು ಆಡಿಸ್ತಿದ್ದೀರಿ?

ಬೇಡ. ಸಾಕು. ಸುತ್ತಲೂ ಇದೆ ಆ ಏಣು, ಒಂದು ಕಡೆ ಅಲ್ಲ. ನೀಟಾಗಿ, ಸುತ್ತಲೂ. ನನಗೆ ಗೊತ್ತು, ನಾನೇ ಸವರಿದ್ದು.

...

ಮಳೆಗಾಲದ ಕೊನೇಲಿ ಬಂದಿದ್ದ ಅಣ್ಣ. ಹಾಸಿಗೆ ಮೇಲೆ ತೊಟ್ಟಿಕ್ಕುತ್ತೆ ಕಣೋ, ಗಾಳಿ ಬೀಸಿದ್ರೆ ಆ ಟೋಪಿ ಕಂಡಿಯಿಂದಾನೇ ನೀರು ಬರುತ್ತೆ, ನೋಡು ಅಂದ. ನಾನು ಹೀಟರ್ ಇರೋವಾಗ ಹೆಂಗೆ ಮುಚ್ಚೋದು ಅಂದೆ. "ಹೀಟರ್ ಕಿತ್ತು ಬಿಸಾಕ್ತೀನಿ ಮಾರಾಯ, ಗ್ಯಾಸ್ ಕುಡಿದು ಸಾಯಿಸ್ತಿದೆ ನನ್ನ, ಕರೆಂಟಿಂದು ತರ್ತೀನಿ" ಅಂದ. ಅಂದಿದ್ದ ಅತ್ತಿಗೆ, ನಿಜವಾಗ್ಲೂ ಅಂದಿದ್ದ. ಇನ್ನೊಂದು ಗಾಡಿಯವರು ಕಾಯ್ತಿದ್ರು, ನಾನು ಅವಸರದಲ್ಲಿದ್ದೆ. ಕಿತ್ತುಹಾಕೋ ಹೀಟರ್ ತಾನೆ ಅಂತ ಸುತ್ತಲೂ ತುಂಬಿ, ಸವರಿ, ಇಳಿದೆ. "ಟೋಪಿ ಹಾಕಿದ್ಯಾ?" ಅಂದ. "ಭದ್ರವಾಗಿ ಹಾಕಿದ್ದೀನಿ" ಅಂದೆ. ನಕ್ಕಿದ್ವಿ ಇಬ್ಬರೂ. ಅಷ್ಟೇ. ಪೂರ್ತಿ ಮುಚ್ಚಿಬಿಟ್ಟಿದ್ದೀನಿ, ಇನ್ಮೇಲೆ ಹಚ್ಚಬೇಡ... ಅಷ್ಟು ಹೇಳ್ಬೇಕಿತ್ತು. ಹೇಳಿದ್ದೀನಿ ಅಂದ್ಕೊಂಡಿದ್ದೆ. ಅವನಿಗೆ ನಮ್ಮ ಹಳೇ ತಮಾಷೆ ಕೇಳಿಸ್ತು, ನನಗೆ ಕೆಲಸ ಮುಗಿದಿದ್ದು ಕೇಳಿಸ್ತು.

ಅವನು ಹೀಟರ್ ಕೀಳಲಿಲ್ಲ. ಅವನು ಯಾವತ್ತು ಹೇಳಿದ್ದನ್ನ ಮಾಡಿದ್ದ?

ನಿಮಗೆ ಗೊತ್ತಿದೆಯಲ್ಲ ಇದೆಲ್ಲಾ. ಚೂಟಿ ಹೇಳಿರ್ತಾಳೆ. ಅದಕ್ಕೇ ಗೇಟಿನಲ್ಲಿ ನನ್ನ ಕೈ ನೋಡಿದ್ದು ಅವಳು. ಹೆಬ್ಬೆರಳು ನೋಡಿದ್ದು.

ಹಾಗಾದ್ರೆ ಬೈಯಿರಿ. ಕೆಲಸಗೇಡಿ ಅನ್ನಿ. ಗೊತ್ತಿಲ್ಲದೆ ಆಯ್ತು ಅತ್ತಿಗೆ, ಸ್ವಂತ ಅಣ್ಣನ್ನ ಯಾರಾದ್ರೂ ಗೊತ್ತಿದ್ದೂ... ಹಾಗೆ ನೋಡ್ತಾ ನಿಲ್ಲಬೇಡಿ. ಮರೆವಿಂದ ಆದ ತಪ್ಪು. ಅಷ್ಟೇ, ಮತ್ತೇನಿಲ್ಲ.

...

ಮತ್ತೇನಿಲ್ಲ ಅಂದ್ನಲ್ಲ.

ಯಾಕೆ ಆ ಕಿಟಕಿ ಕಡೆ ತೋರಿಸ್ತೀರಿ?

...ಹೌದು. ತೆಗೆದಿದ್ವು. ಆ ಬೆಳಿಗ್ಗೆ ನೀವು ಓಡಿ ಬಂದಾಗ ಕಿಟಕಿ ನಾಲ್ಕೂ ತೆಗೆದಿದ್ವು. ಅಂಥ ಚಳೀಲಿ ಯಾರು ಕಿಟಕಿ ತೆಗೆದು ಮಲಗ್ತಾರೆ ಅಂತ ನೀವು ಆವತ್ತೇ ಕೇಳಿದ್ರಿ. ಅದೇ ನೀವು ಜೋರಾಗಿ ಕೇಳಿದ ಕೊನೇ ಮಾತು. "ನನ್ನ ಮೇಲಿನ ಸಿಟ್ಟಿಗೆ ಚಳೀಲಿ ಬಿದ್ಕೊಂಡು ಜೀವ ಕಳ್ಕೊಂಡ್ರಾ" ಅಂತ ಗೋಡೆಗೆ ತಲೆ ಚಚ್ಚಿಕೊಂಡ್ರಿ. ನಾನು ಪಕ್ಕದಲ್ಲೇ ನಿಂತಿದ್ದೆ. ನಿಮ್ಮ ಭುಜ ಹಿಡ್ಕೊಂಡಿದ್ದೆ.

ನಾನೇ ತೆಗೆದೆ.

ಡ್ರಿಲ್ ವಾಪಸ್ ಕೊಡೋಕೆ ಬಂದಿದ್ದೆ ಬೆಳಿಗ್ಗೆ. ನೀವು ಕಾಫಿ ಲೋಟ ಕೈಗೆ ಕೊಟ್ಟು, "ನಿಮ್ಮಣ್ಣ ಮುನಿಸ್ಕೊಂಡು ಗಾಡೀಲಿ ಮಲಗಿದ್ದಾರೆ, ಇದನ್ನ ಕೊಟ್ಟು ಎಬ್ಬಿಸ್ಕೊಂಡು ಬಾ, ಉಪ್ಪು ಕಮ್ಮಿ ಹಾಕಿದ್ದೀನಿ ಅಂತ ಹೇಳು" ಅಂದ್ರಿ. ನಗ್ತಾ ಇದ್ರಿ. ಬಾಗಿಲು ತೆಗೆದೆ. ಒಳಗೆ ಬೆಚ್ಚಗಿತ್ತು. ಗಾಜೆಲ್ಲಾ ಬೆವರಿತ್ತು. ಹೀಟರ್ ಉರೀತಿತ್ತು ಸಣ್ಣಗೆ. ಅಣ್ಣನ ಮುಖ ಕೆಂಪಗಿತ್ತು, ಗಾಢ ನಿದ್ದೇಲಿರೋರ ಹಾಗೆ. ಏನೋ ತಮಾಷೆಗೆ ನಟನೆ ಮಾಡ್ತಿದ್ದಾನೆ ಅಂದ್ಕೊಂಡೆ. ಮುಟ್ಟಿದೆ. ತಲೆ ಎತ್ತಿ ಕೊಳವೆ ನೋಡ್ದೆ. ಆಗ ಹೊಳೀತು, ಹೀಟರಿನ ವಿಷದ ಹೊಗೆ ಹೊರಗೆ ಹೋಗದೆ ರಾತ್ರಿಯೆಲ್ಲಾ ಒಳಗೇ ತುಂಬ್ಕೊಂಡಿದೆ ಅಂತ.

ಕೂಗ್ಬೇಕಿತ್ತು ನಿಮ್ಮನ್ನ. ಹೊರಗೆ ಎಳೆದು ಹಾಕ್ಬೇಕಿತ್ತು ಅವನನ್ನ. ನಾನು ಹೀಟರ್ ಆರಿಸ್ದೆ. ಆಮೇಲೆ ಕಿಟಕಿ ತೆಗೆದೆ. ಒಂದು. ಎರಡು. ಮೂರನೇದು ಬಿಗಿಯಾಗಿತ್ತು, ಭುಜ ಕೊಟ್ಟು ತಳ್ಳಿದೆ. ನಾಲ್ಕು. ಗಾಜಿನ ಬೆವರು ತೋಳಲ್ಲಿ ಒರೆಸ್ದೆ. ಗಾಡಿ ತಣ್ಣಗಾಗೋವರೆಗೂ ನಿಂತಿದ್ದೆ. ಕಾಫಿ ಲೋಟ ಗಾಡಿ ಮೆಟ್ಟಿಲ ಮೇಲಿತ್ತು, ಅದೂ ತಣ್ಣಗಾಗಿತ್ತು. ಅದಾದ ಮೇಲೆ ಕೂಗ್ದೆ.

ಅವನ ಮೈ ಬಿಸಿ ಇತ್ತು ಅತ್ತಿಗೆ. ಹೀಟರಿನ ಬಿಸಿಯೋ, ಅವನದೇ ಬಿಸಿಯೋ, ಗೊತ್ತಿಲ್ಲ. ಎದೆ ಮೇಲೆ ಕಿವಿ ಇಟ್ಟು ನೋಡ್ಲಿಲ್ಲ ನಾನು. ಯಾಕೆ ನೋಡ್ಲಿಲ್ಲ ಅಂತ ಆವತ್ತಿಂದ ನನ್ನನ್ನೇ ಕೇಳ್ಕೋತಿದ್ದೀನಿ. ನೋಡಿದ್ರೆ, ಉಸಿರಾಡ್ತಿದ್ರೆ, ಹೇಳ್ಬೇಕಾಗ್ತಿತ್ತಲ್ಲ... ಇಲ್ಲ, ಹಾಗೆ ಯೋಚನೆ ಮಾಡ್ಲಿಲ್ಲ ಆಗ. ಯಾವ ಯೋಚನೇನೂ ಬರಲಿಲ್ಲ. ಕೈ ತಾನಾಗೇ ಕೆಲಸ ಮಾಡ್ತಿತ್ತು.

ನಿಮಗೆ ಹೇಳ್ಬೇಕು ಅಂತ ಎಷ್ಟು ಸಲ ಬಂದೆ. ನೀವು ಆ ಅಡುಗೆಮನೆ ಮೂಲೇಲಿ ಕೂತು, ಒಂದೇ ಮಾತು, "ನಾನೇ ಕಳಿಸ್ದೆ ಅವರನ್ನ, ನಾನೇ ಕಳಿಸ್ದೆ" ಅಂತ. ನಾನು ಸುಮ್ನೆ "ಹಾಗೆಲ್ಲಾ ಅಲ್ಲ ಅತ್ತಿಗೆ" ಅಂತ ಹೇಳಿ ಹೋಗ್ತಿದ್ದೆ. ದಾರೀಲಿ ಅನ್ನಿಸೋದು, ಹೇಗೂ ಅವರು ಹೊತ್ಕೊಂಡಿದ್ದಾರೆ, ಇಬ್ಬರು ಯಾಕೆ ಹೊರಬೇಕು ಅಂತ. ಅನ್ನಿಸೋದು. ನಿಜ ಹೇಳ್ತಿದ್ದೀನಿ. ಅಷ್ಟು ಕೆಳಗೆ ಹೋಗಿದ್ದೆ. ಆಮೇಲೆ ಆ ಮಾತೂ ನಿಲ್ಲಿಸಿಬಿಟ್ರಿ ನೀವು. ಯಾರಿಗೂ ಒಂದು ಗಟ್ಟಿ ಮಾತು ಆಡದ ಹಾಗಾದ್ರಿ. ಬಾಯಿ ಬಿಟ್ರೆ ಯಾರಾದ್ರೂ ಸತ್ತುಹೋಗ್ತಾರೆ ಅನ್ನೋ ಥರ...

ಇವತ್ತೂ ಹೇಳೋಕೆ ಬಂದಿದ್ದಲ್ಲ. ಅದನ್ನೂ ಹೇಳಿಬಿಡ್ತೀನಿ. ಚೂಟಿ ಹೀಟರ್ ಹಚ್ಚೋದರೊಳಗೆ ಆ ಟೋಪಿ ಬಿಚ್ಚಿ, ಹೊಸದು ಕೂರಿಸಿ, ಹಳೇದನ್ನ ಜೇಬಿಗೆ ಹಾಕ್ಕೊಂಡು ಇಳಿಯೋಣ ಅಂತ ಬಂದೆ. ನೀವು ಟೀ ಕೊಡ್ತಿದ್ರಿ. ಕುಡಿದು ಹೋಗ್ತಿದ್ದೆ.

ಅತ್ತಿಗೆ, ಈಗಲಾದ್ರೂ ಬೈಯಿರಿ. ಎಲ್ಲಾ ಹೇಳಿದ್ದೀನಲ್ಲ. ಮೊದಲಿನ ಥರ ಬೈಯಿರಿ, ಬೀದಿಯವರೆಲ್ಲಾ ಹೊರಗೆ ಬಂದು ನಿಲ್ಲೋ ಹಾಗೆ. ನನ್ನ ಏಳು ತಲೆಮಾರು ಜಾಲಾಡಿ. ಅದು ಮುಗಿದ್ರೆ ಇಳಿದು ಹೋಗ್ತೀನಿ, ಪೊಲೀಸರಿಗೆ ಹೇಳ್ಬೇಕು ಅಂದ್ರೆ ಅಲ್ಲಿಗೇ ಹೋಗ್ತೀನಿ... ಒಂದು ಮಾತು. ನನ್ನ ಸಾಯಿ ಅನ್ನಿ ಸಾಕು.

ಏಣಿ ಹತ್ರ ಹೋಗ್ತಿದ್ದೀರಾ? ತೆಗೀತೀರಾ ಏಣೀನ? ತೆಗೀರಿ.

...ಇಲ್ಲ. ಟೋಪಿ ಇಟ್ರಿ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ, ಆವತ್ತು ನಾನು ಗಾಡಿ ಮೆಟ್ಟಿಲ ಮೇಲೆ ಲೋಟ ಇಟ್ಟ ಹಾಗೇ. ಟವೆಲ್ ಮಡಚಿ ತಗೊಂಡ್ರಿ. ಒಳಗೆ ಹೊರಟ್ರಿ.

ನಿಲ್ಲಿ ಅತ್ತಿಗೆ. ಚೂಟಿಗೆ ಹೊಸ ಟೋಪಿ ಹಾಕ್ಬೇಕಲ್ಲ ಕೊಳವೆಗೆ, ಚಳಿ ಊರಿಗೆ ಹೋಗ್ತಾಳೆ ಅವಳು... ನಾನು ಹಾಕಿದ್ದು ಬೇಡ್ವಾ. ಬೇಡ. ಗೊತ್ತಾಯ್ತು. ಅವಳೇ ಹಾಕ್ಕೋತಾಳೆ.

ಆ ಮೆಟ್ಟಿಲಿಂದ ಅದನ್ನ ಎತ್ತದೆ ನಾನು ನೆಲಕ್ಕೆ ಕಾಲಿಡೋಕಾಗಲ್ಲ. ಅದಕ್ಕೇ ಅಲ್ಲಿಟ್ರಾ?

ಬಾಗಿಲು ಹಾಕ್ಬೇಡಿ. ಚಿಲಕ... ಹಾಕಿದ್ರಿ. ಕೇಳಿಸ್ತು.

ಅತ್ತಿಗೆ.

ಅತ್ತಿಗೆ, ನಾನು ಇಳೀಲಾ?